ಕತ್ತಿ ಕೆಲಸಕ್ಕೆ ಬಾರದ ಜಾಗಗಳು

ಒಂದು ಹೋಟೆಲಿನಿಂದ ಶುರು ಮಾಡುತ್ತೇನೆ. 2004ರಲ್ಲಿ ಬಂದ 'ವ್ಯಾಂಪೈರ್: ದ ಮಾಸ್ಕರೇಡ್ – ಬ್ಲಡ್‌ಲೈನ್ಸ್' ಗೇಮಿನಲ್ಲಿ ಓಷನ್ ಹೌಸ್ ಅಂತ ಒಂದು ಪಾಳುಬಿದ್ದ ಹೋಟೆಲ್ ಇದೆ. ಆ ಗೇಮಿನಲ್ಲಿ ನೀವು ರಕ್ತಪಿಶಾಚಿ. ಕೋರೆಹಲ್ಲಿದೆ, ಮನುಷ್ಯರಿಗಿಲ್ಲದ ಬಲ ಇದೆ, ಕೈಯಲ್ಲಿ ಆಯುಧ ಇದೆ. ಒಪ್ಪಿಸಿದ ಕೆಲಸವೂ ಸಣ್ಣದೇ. ಹೋಟೆಲಿನಲ್ಲಿ ದೆವ್ವ ಇದೆ, ಅದಕ್ಕೆ ಸೇರಿದ ಒಂದು ವಸ್ತು ಹುಡುಕಿ ತರಬೇಕು.

ಒಳಗೆ ಕಾಲಿಡುತ್ತೀರಿ. ಹಜಾರ ದಾಟುವಾಗ ಮೇಲಿದ್ದ ತೂಗುದೀಪ ಧಡಾರ್ ಅಂತ ಬೀಳುತ್ತದೆ. ಬಲ್ಬುಗಳು ಒಡೆಯುತ್ತವೆ. ಅಡುಗೆಮನೆಗೆ ಹೋದರೆ ಪಾತ್ರೆಗಳು ಹಾರಿ ಬಂದು ಬಡಿಯುತ್ತವೆ. ಅಭ್ಯಾಸಬಲ ನೋಡಿ, ತಕ್ಷಣ ಆಯುಧ ತೆಗೆಯುತ್ತೀರಿ. ಯಾರಿಗೆ ಹೊಡೆಯುತ್ತೀರಿ? ಎದುರಿಗೆ ಯಾರೂ ಇಲ್ಲ. ಕೊನೆಯವರೆಗೂ ಯಾರೂ ಬರುವುದಿಲ್ಲ. ಇಡೀ ಹೋಟೆಲಿನಲ್ಲಿ ಹೊಡೆದಾಡುವುದಕ್ಕೆ ಒಬ್ಬನೇ ಒಬ್ಬ ಶತ್ರು ಇಲ್ಲ.

ಆಯುಧಕ್ಕೆ ಕೆಲಸ ಇಲ್ಲ ಅಂತ ಗೊತ್ತಾದ ಮೇಲೆ ಕಣ್ಣು ಕೆಲಸ ಶುರು ಮಾಡುತ್ತದೆ. ಮೂಲೆಯಲ್ಲಿ ಬಿದ್ದ ಹಳೇ ಪತ್ರಿಕೆಯ ತುಣುಕು ಓದುತ್ತೀರಿ. ಇಲ್ಲಿ ಒಂದು ಸಂಸಾರ ಬಂದು ಇಳಿದುಕೊಂಡಿತ್ತು. ಗಂಡನಿಗೆ ಹೆಂಡತಿಯ ಮೇಲೆ ಅನುಮಾನ ಹತ್ತಿತು. ಕೊನೆಗೆ ಕೊಡಲಿ ಎತ್ತಿಕೊಂಡ. ಇದನ್ನೆಲ್ಲ ಯಾರೂ ನಿಮ್ಮನ್ನು ಕೂರಿಸಿಕೊಂಡು ಹೇಳುವುದಿಲ್ಲ. ಕಾರಿಡಾರಿನ ಆ ತುದಿಯಲ್ಲಿ ಒಬ್ಬ ಹೆಂಗಸು ಓಡಿಹೋದ ಹಾಗೆ ಕಾಣುತ್ತದೆ, ನೀವು ಹಿಂದೆ ಹೋಗುತ್ತೀರಿ. ಅವಳು ಜೀವ ಉಳಿಸಿಕೊಳ್ಳಲು ಓಡಿದ ದಾರಿ ಅದು ಅಂತ ಆಮೇಲೆ ಹೊಳೆಯುತ್ತದೆ. ಹುಡುಕುತ್ತಿದ್ದ ವಸ್ತು ಕೊನೆಗೂ ಸಿಗುತ್ತದೆ, ಒಂದು ಪದಕದ ಸರ. ಅಷ್ಟು ಹೊತ್ತಿಗೆ ಅದು ಯಾರ ಕೊರಳಲ್ಲಿತ್ತು ಅಂತ ನಿಮಗೆ ಗೊತ್ತು.

ಇದು ಬರೀ ಹೆದರಿಸುವ ಕೈಚಳಕ ಅಲ್ಲ. ಅದರ ಹಿಂದೆ ಆಟದ ಒಂದು ನಿಯಮವೂ ನಿಂತಿದೆ. ಬ್ಲಡ್‌ಲೈನ್ಸ್‌ನಲ್ಲಿ ಶತ್ರುವನ್ನು ಕೊಂದಿದ್ದಕ್ಕೆ ಅನುಭವದ ಅಂಕ, ಅಂದರೆ ಪಾತ್ರದ ಬಲ ಹೆಚ್ಚಿಸುವ ಅಂಕ, ಬರುವುದಿಲ್ಲ. ಒಪ್ಪಿಕೊಂಡ ಕೆಲಸ ಮುಗಿಸಿದರೆ ಬರುತ್ತದೆ. ಹಾಗಾಗಿ ಒಂದೂ ಹೊಡೆದಾಟ ಇಲ್ಲದ ಲೆವೆಲ್, ಅಂದರೆ ಗೇಮಿನ ಇಂಥ ಒಂದು ಜಾಗ, ಮುಗಿಸಿದವನಿಗೆ ತನಗೇನೋ ನಷ್ಟ ಆಯಿತು ಅನ್ನಿಸುವುದಿಲ್ಲ. ಕೊಂದ ತಲೆಗಿಷ್ಟು ಅಂತ ಅಂಕ ಕೊಡುವ ಗೇಮಿನಲ್ಲಿ ಇದೇ ಹೋಟೆಲ್ ಇಟ್ಟಿದ್ದರೆ ಅರ್ಧ ಜನ ಬೇಜಾರಾಗಿ ಓಡಿ ದಾಟುತ್ತಿದ್ದರು.

ಈ ಹೋಟೆಲನ್ನು ಮೊದಲು ಯಾಕೆ ತಂದೆ ಅಂದರೆ, ನಾನು ಹೇಳಬೇಕಾದ್ದೆಲ್ಲ ಅದರಲ್ಲೇ ಇದೆ. ರೋಲ್-ಪ್ಲೇಯಿಂಗ್ ಗೇಮ್, ಅಂದರೆ ನೀವೇ ಒಂದು ಪಾತ್ರವಾಗಿ ಆಡುವ ಗೇಮ್, ಕೊಡುತ್ತಲೇ ಹೋಗುವ ಆಟ. ಹೊಸ ಕತ್ತಿ, ಹೊಸ ಮಂತ್ರ, ಹೊಸ ಕವಚ, ಜಾಸ್ತಿ ಬಲ. ಕೊಡುವುದು ತಪ್ಪಲ್ಲ, ಅದಕ್ಕಾಗಿಯೇ ತಾನೇ ನಾವು ಆಡುವುದು? ಆದರೆ ಕೈ ತುಂಬುತ್ತಾ ಹೋದ ಹಾಗೆ ಆಟಗಾರ ಸುತ್ತ ನೋಡುವುದನ್ನು ಬಿಡುತ್ತಾನೆ. ಕೋಣೆಗೆ ಹೋದ, ಕೊಂದ, ಪೆಟ್ಟಿಗೆ ತೆಗೆದ, ಮುಂದಿನ ಬಾಗಿಲಿಗೆ ಹೋದ. ಆ ಕೋಣೆ ಅಡುಗೆಮನೆಯಾಗಿತ್ತೋ ಗೋರಿಯಾಗಿತ್ತೋ ಅವನಿಗೆ ನೆನಪಿರುವುದಿಲ್ಲ. ಮನಸ್ಸಿನಲ್ಲಿ ಕೂರುವ ಲೆವೆಲ್ ಅವನ ಕೈಯಿಂದ ಏನನ್ನಾದರೂ ತೆಗೆದಿಡುತ್ತದೆ. ತೆಗೆದಿಟ್ಟು, ಆ ಜಾಗವನ್ನು ನೋಡದೆ ವಿಧಿಯಿಲ್ಲದ ಹಾಗೆ ಮಾಡುತ್ತದೆ.

ಈ ಲೆವೆಲ್ ಅನ್ನುವ ಪದದ ಬಗ್ಗೆ ಒಂದು ಮಾತು. ಮೇಜಿನ ಸುತ್ತ ಕೂತು ಆಡುವ 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಪಾತ್ರದ ಬಲಕ್ಕೂ ಲೆವೆಲ್, ಮಂತ್ರಕ್ಕೂ ಲೆವೆಲ್, ನೆಲದಡಿಯ ಅಂತಸ್ತಿಗೂ ಲೆವೆಲ್. ಹೊಸಬರಿಗೆ ತಲೆ ಕೆಡುತ್ತದೆ. ಆದರೆ ಅದರಲ್ಲೊಂದು ಒಪ್ಪಂದ ಇತ್ತು. ಕೆಳಗೆ ಇಳಿದಷ್ಟೂ ಅಪಾಯ ಜಾಸ್ತಿ, ಸಿಗುವ ಸಂಪತ್ತೂ ಜಾಸ್ತಿ. ನಿಮ್ಮ ಪಾತ್ರದ ಲೆವೆಲ್ ಏರುತ್ತಿದ್ದರೆ ಕೆಳಗಿನ ಅಂತಸ್ತು ನಿಮಗೆ ತಕ್ಕದ್ದಾಗುತ್ತಾ ಹೋಗುತ್ತದೆ. ಇವತ್ತಿಗೂ ಬಹಳಷ್ಟು ಗೇಮುಗಳು ಈ ಒಪ್ಪಂದದ ಮೇಲೇ ನಡೆಯುತ್ತಿವೆ. ಅದನ್ನು ಒಂದೇ ಒಂದು ಕಡೆ ಮುರಿದರೆ ಏನಾಗುತ್ತದೆ ಅಂತ ತೋರಿಸಿದ್ದು 1996ರ 'ಡಯಾಬ್ಲೊ'.

ಡಯಾಬ್ಲೊದಲ್ಲಿ ಟ್ರಿಸ್ಟ್ರಮ್ ಅನ್ನುವ ಊರಿನ ಚರ್ಚಿನ ಕೆಳಗೆ 16 ಅಂತಸ್ತಿನ ಡಂಜನ್, ಅಂದರೆ ಅಪಾಯ ತುಂಬಿದ ನೆಲದಡಿಯ ಜಾಗ, ಇದೆ. ಪ್ರತಿ ಸಲ ಹೊಸದಾಗಿ ಆಡಿದಾಗಲೂ ಕಂಪ್ಯೂಟರ್ ಗೋಡೆ, ದಾರಿಗಳನ್ನು ಬೇರೆ ಥರ ಜೋಡಿಸುತ್ತದೆ. ಚರ್ಚಿನ ಬಾಗಿಲಲ್ಲಿ ಗಾಯಗೊಂಡ ಒಬ್ಬ ಬಿದ್ದಿರುತ್ತಾನೆ, ಕೆಳಗೊಬ್ಬ ಕಟುಕ ಇದ್ದಾನೆ ಅಂತ ಹೇಳಿ ಪ್ರಾಣ ಬಿಡುತ್ತಾನೆ. ಮೊದಲ ಅಂತಸ್ತು ಸಲೀಸಾಗಿ ಮುಗಿಯುತ್ತದೆ, ನಿಮಗೂ ಧೈರ್ಯ ಬಂದಿರುತ್ತದೆ. ಎರಡನೆಯದರಲ್ಲಿ ಒಂದು ಮುಚ್ಚಿದ ಕೋಣೆ. ಬಾಗಿಲು ತೆಗೆದರೆ ನೆಲದ ತುಂಬ ರಕ್ತ, ಹೆಣಗಳು. ಒಳಗಿಂದ ಬೃಹತ್ ಮೈಯವನೊಬ್ಬ ನೇರ ನಿಮ್ಮ ಮೇಲೇ ಬರುತ್ತಾನೆ. ಅಲ್ಲಿಯವರೆಗೆ ಕಲಿತದ್ದು ಯಾವುದೂ ಅವನ ಮುಂದೆ ನಡೆಯುವುದಿಲ್ಲ. ಓಡಬೇಕು, ಬಾಗಿಲು ಎಲ್ಲಿತ್ತು, ಸರಳುಗಳ ಗೋಡೆ ಎಲ್ಲಿತ್ತು ಅಂತ ನೆನಪು ಮಾಡಿಕೊಳ್ಳಬೇಕು. ಗಮನಿಸಿ, ಆ ಅಂತಸ್ತಿನ ಉಳಿದದ್ದೆಲ್ಲ ಯಂತ್ರ ಜೋಡಿಸಿದ್ದು. ಈ ಕೋಣೆ ಮಾತ್ರ ಮನುಷ್ಯರು ಮೊದಲೇ ಬರೆದಿಟ್ಟಿದ್ದು. ಡಯಾಬ್ಲೊ ಆಡಿದವರನ್ನು ಕೇಳಿ, ನೆನಪಿರುವುದು ಯಾವ ಕೋಣೆ ಅಂತ.

ಕತ್ತಿ ಕಿತ್ತುಕೊಳ್ಳದೆಯೂ ಅದನ್ನು ಕೆಲಸಕ್ಕೆ ಬಾರದ ಹಾಗೆ ಮಾಡಬಹುದು. 2006ರ 'ದ ಎಲ್ಡರ್ ಸ್ಕ್ರೋಲ್ಸ್ IV: ಒಬ್ಲಿವಿಯನ್'ನಲ್ಲಿ ಡಾರ್ಕ್ ಬ್ರದರ್‌ಹುಡ್ ಅನ್ನುವ ಕೊಲೆಗಡುಕರ ಗುಂಪಿದೆ. ಅವರು ನಿಮ್ಮನ್ನು ಸ್ಕಿಂಗ್ರಾಡ್ ಊರಿನ ಒಂದು ದೊಡ್ಡ ಮನೆಗೆ ಕಳಿಸುತ್ತಾರೆ. ಅಲ್ಲಿ ಐದು ಜನ ಅತಿಥಿಗಳು. ಮನೆಯಲ್ಲೆಲ್ಲೋ ಚಿನ್ನದ ಪೆಟ್ಟಿಗೆ ಬಚ್ಚಿಟ್ಟಿದೆ, ಹುಡುಕಿದವರಿಗೆ ಅದು ಸೇರುತ್ತದೆ ಅಂತ ಅವರಿಗೆಲ್ಲ ಹೇಳಿದೆ. ಬಾಗಿಲಿಗೆ ಬೀಗ. ನೀವು ಆರನೆಯ ಅತಿಥಿ. ಐವರನ್ನೂ ಕೊಲ್ಲಬೇಕು. ಆದರೆ ಒಂದು ಕೊಲೆಯೂ ಉಳಿದವರ ಕಣ್ಣಿಗೆ ಬೀಳದ ಹಾಗೆ ಮುಗಿಸಿದರೆ ವಿಶೇಷ ಬಹುಮಾನ.

ನಿಮ್ಮ ಕತ್ತಿಗೆ ಆ ಐವರೂ ಒಂದು ನಿಮಿಷದ ಕೆಲಸ. ಆದರೆ ಕತ್ತಿ ಎತ್ತುವ ಹಾಗಿಲ್ಲ. ಹಾಗಾದರೆ ಏನು ಮಾಡುತ್ತೀರಿ? ಅವರ ಜೊತೆ ಮಾತಾಡುತ್ತೀರಿ. ಯಾರು ಯಾವಾಗ ಒಬ್ಬರೇ ಇರುತ್ತಾರೆ, ಯಾರಿಗೆ ಯಾರನ್ನು ಕಂಡರೆ ಆಗುವುದಿಲ್ಲ, ಯಾರು ಕುಡಿಯುತ್ತಾರೆ, ನೆಲಮಾಳಿಗೆಗೆ ಯಾರು ಹೋದರು. ಒಬ್ಬರು ಸತ್ತ ಮೇಲೆ ಉಳಿದವರ ಮಾತು ಬದಲಾಗುತ್ತದೆ. ಅವರು ಒಬ್ಬರನ್ನೊಬ್ಬರು ಅನುಮಾನಿಸುತ್ತಾರೆ, ನಿಮ್ಮ ಹತ್ತಿರ ಬಂದು ಮನಸ್ಸು ಬಿಚ್ಚಿಕೊಳ್ಳುತ್ತಾರೆ. ಅದು ತುಂಬಾ ಕಷ್ಟದ ಗಳಿಗೆ. ಐದು ಗುರಿಗಳು ಅಂತ ಒಳಗೆ ಹೋದವರು ಐದು ಮನುಷ್ಯರ ಜೊತೆ ಸಿಕ್ಕಿಹಾಕಿಕೊಂಡಿರುತ್ತೀರಿ. ನಾನು ಮೊದಲ ಸಲ ಆಡಿದಾಗ ನಾಲ್ಕನೆಯವರ ಹತ್ತಿರ ಬಂದು ಗೇಮ್ ನಿಲ್ಲಿಸಿ ಎದ್ದುಹೋದೆ. ಮಾರನೇ ದಿನ ಮುಗಿಸಿದೆ.

ಡಾರ್ಕ್ ಬ್ರದರ್‌ಹುಡ್ ಕತೆಯ ಸರಣಿಯನ್ನು ರೂಪಿಸಿದವರು ಎಮಿಲ್ ಪಾಲ್ಯರುಲೊ. ಅದಕ್ಕೂ ಮುಂಚೆ ಅವರು 'ಥೀಫ್ II'ನಲ್ಲಿ ಕೆಲಸ ಮಾಡಿದ್ದರು. ಅದು ನೆರಳಲ್ಲಿ ಅಡಗಿ ಕಳ್ಳತನ ಮಾಡುವ ಗೇಮ್. ಹೊಡೆದಾಟಕ್ಕೆ ಇಳಿದರೆ ನೀವು ಎಲ್ಲೋ ತಪ್ಪಿದ್ದೀರಿ ಅಂತಲೇ ಅರ್ಥ. ಅಂಥ ಕಡೆ ಪಳಗಿದ ಕೈ ಇಂಥ ಮನೆ ಕಟ್ಟಿದ್ದು ನನಗೆ ಆಶ್ಚರ್ಯ ಅನ್ನಿಸುವುದಿಲ್ಲ.

ಈಗ ಬಲೆ, ಬೋನು, ಬಿಲ್ಲುಬಾಣಗಳ ವಿಷಯ. ಡಂಜನ್ ಅಂದರೆ ಟ್ರ್ಯಾಪ್ ಇರಲೇಬೇಕು ಅಂತ ಎಲ್ಲರೂ ಹಾಕುತ್ತಾರೆ. ನೆಲದ ಕಲ್ಲು ತುಳಿದರೆ ಬಾಣ ಬಂತು. ಯಾರು ಹಾಕಿದರು ಅದನ್ನು? ದಿನಾ ಅಲ್ಲಿ ಓಡಾಡುವವರು ಏನು ಮಾಡುತ್ತಿದ್ದರು? ಕೇಳಿದರೆ ಉತ್ತರ ಇರುವುದಿಲ್ಲ. ನಾನು ನೋಡಿದ್ದರಲ್ಲಿ ಇದಕ್ಕೆ ತುಂಬಾ ಚೆನ್ನಾಗಿ ಉತ್ತರ ಕೊಟ್ಟಿದ್ದು 'ಬಾಲ್ಡರ್ಸ್ ಗೇಟ್'ಗೆ 1999ರಲ್ಲಿ ಬಂದ ವಿಸ್ತರಣೆಯ ಡರ್ಲಾಗನ ಗೋಪುರ. ಡರ್ಲಾಗ್ ಒಬ್ಬ ಕುಳ್ಳ ಜನಾಂಗದ ವೀರ. ಹೆಂಡತಿ ಮಕ್ಕಳು, ಬಂಧುಬಳಗ ಕಟ್ಟಿಕೊಂಡು ಗೋಪುರದಲ್ಲಿ ನೆಮ್ಮದಿಯಾಗಿದ್ದ. ಬೇರೆಯವರ ರೂಪ ತಾಳುವ ಡಾಪಲ್‌ಗ್ಯಾಂಗರ್‌ಗಳು ಒಳಗೆ ನುಸುಳಿದವು. ಒಬ್ಬೊಬ್ಬರನ್ನೇ ಕೊಂದು ಅವರ ಮುಖ ಹಾಕಿಕೊಂಡವು. ಕೊನೆಗೆ ಡರ್ಲಾಗ್ ತನ್ನ ಹೆಂಡತಿಯ ಮುಖ, ತನ್ನ ಮಕ್ಕಳ ಮುಖ ಇದ್ದವುಗಳನ್ನು ತಾನೇ ಕಡಿಯಬೇಕಾಯಿತು. ಆಮೇಲೆ ಅವನಿಗೆ ಯಾರ ಮೇಲೂ ನಂಬಿಕೆ ಉಳಿಯಲಿಲ್ಲ. ಗೋಪುರದ ತುಂಬ ಟ್ರ್ಯಾಪ್ ಹಾಕಿದ.

ಆಡುವಾಗ ಇಲ್ಲಿ ಕಳೆದುಕೊಳ್ಳುವುದು ವೇಗವನ್ನು. ನಿಮ್ಮ ಗುಂಪಿನ ಕಳ್ಳ ಮುಂದೆ ಹೋಗಬೇಕು, ಹೆಜ್ಜೆ ಹೆಜ್ಜೆಗೂ ನಿಂತು ನೆಲ ಪರೀಕ್ಷೆ ಮಾಡಬೇಕು. ಉಳಿದ ಐವರು ಹಿಂದೆ ಕಾಯಬೇಕು. ಹಾಗೆ ನಿಂತು ನಿಂತು ಹೋಗುವಾಗಲೇ ಕತೆ ಕಣ್ಣಿಗೆ ಬೀಳುವುದು. ಒಂದು ಕಡೆ ನಾಲ್ಕು ಕಾವಲುಗಾರರು ಬರುತ್ತಾರೆ. ಅಹಂಕಾರ, ದುರಾಸೆ, ಭಯ, ಪ್ರೀತಿ ಅಂತ ಅವರ ಹೆಸರು. ಬರುಬರುತ್ತಾ ನಿಮಗೆ ತಿಳಿಯುತ್ತದೆ, ನೀವು ನಡೆಯುತ್ತಿರುವುದು ಒಬ್ಬ ನೊಂದ ಮುದುಕನ ಮನಸ್ಸಿನೊಳಗೆ. ಪ್ರತಿ ಟ್ರ್ಯಾಪೂ ಅವನ ಹೆದರಿಕೆ. ಅದನ್ನು ಬಿಚ್ಚುವಾಗ ಕಳ್ಳನ ಕೈ ಮಾತ್ರ ಅಲ್ಲ, ನಿಮ್ಮ ಕೈಯೂ ಸ್ವಲ್ಪ ನಡುಗುತ್ತದೆ.

'ಡಾರ್ಕ್ ಸೋಲ್ಸ್' ಬಗ್ಗೆ ಇಂಥ ಮಾತುಕತೆಗಳಲ್ಲಿ ಎಲ್ಲರೂ ಹೇಳುತ್ತಾರೆ, ನಾನೂ ಹೇಳಲೇಬೇಕು. 2011ರ ಈ ಗೇಮಿನಲ್ಲಿ ನಕ್ಷೆ ಇಲ್ಲ. ದಣಿವಾರಿಸಿಕೊಳ್ಳಲು ಅಲ್ಲಲ್ಲಿ ಬಾನ್‌ಫೈರ್ ಅನ್ನುವ ಬೆಂಕಿಗಳಿವೆ, ಆದರೆ ಒಂದರಿಂದ ಇನ್ನೊಂದಕ್ಕೆ ನೆಗೆಯುವ ಅನುಕೂಲವೂ ಬಹಳ ಹೊತ್ತು ಇರುವುದಿಲ್ಲ. ಆನರ್ ಲೊಂಡೊ ಅನ್ನುವ ನಗರ ತಲುಪಿ ಲಾರ್ಡ್‌ವೆಸೆಲ್ ಅನ್ನುವ ಪಾತ್ರೆ ಪಡೆದ ಮೇಲಷ್ಟೇ ಅದು. ಅಲ್ಲಿಯವರೆಗೆ ಹೋಗಬೇಕೆಂದರೆ ನಡೆದೇ ಹೋಗಬೇಕು. ಬಾನ್‌ಫೈರ್ ಹತ್ತಿರ ಕೂತರೆ ಗಾಯ ವಾಸಿಮಾಡುವ ಮದ್ದು ತುಂಬುತ್ತದೆ, ಆದರೆ ನೀವು ಕೊಂದಿದ್ದ ಶತ್ರುಗಳೂ ಎದ್ದು ಕೂರುತ್ತಾರೆ.

ಫೈರ್‌ಲಿಂಕ್ ಶ್ರೈನ್ ಅನ್ನುವ ಪಾಳು ಗುಡಿಯಿಂದ ಹೊರಡುತ್ತೀರಿ. ಮೆಟ್ಟಿಲು ಹತ್ತಿ ಅನ್‌ಡೆಡ್ ಬರ್ಗ್. ಓಣಿಗಳು, ಮಾಡುಗಳು, ಕಿಟಕಿಯಿಂದ ಬೆಂಕಿಯ ಮಡಕೆ ಎಸೆಯುವವರು. ಕೋಟೆಗೋಡೆಯ ಮೇಲೆ ಗೂಳಿಯಂಥ ಒಂದು ದೈತ್ಯ. ಆಮೇಲೆ ಡ್ರ್ಯಾಗನ್ ಬಂದು ಬೆಂಕಿ ಸುರಿಯುವ ಸೇತುವೆ. ಅದನ್ನು ಹೇಗೋ ದಾಟಿ ಚರ್ಚಿನ ಒಳಗೆ ಬರುತ್ತೀರಿ. ಮದ್ದು ಮುಗಿದಿದೆ, ಜೇಬಿನಲ್ಲಿ ಸಾವಿರಾರು ಸೋಲ್ಸ್, ಅಂದರೆ ಆ ಗೇಮಿನ ಹಣ, ಇವೆ, ಸತ್ತರೆ ಬಿದ್ದುಹೋಗುತ್ತವೆ. ಪಕ್ಕದಲ್ಲಿ ಒಂದು ಲಿಫ್ಟ್ ಕಾಣುತ್ತದೆ. ಹತ್ತಿ ನಿಲ್ಲುತ್ತೀರಿ. ಅದು ಇಳಿಯುತ್ತದೆ, ಇಳಿಯುತ್ತಲೇ ಇರುತ್ತದೆ. ನಿಂತಾಗ ಒಂದು ಹಳೇ ಪರಿಚಯದ ಸಂಗೀತ ಕೇಳುತ್ತದೆ. ಎರಡು ಹೆಜ್ಜೆ ಮುಂದೆ ಬಂದರೆ ಅದೇ ಪಾಳು ಗುಡಿ. ಹೊರಟಲ್ಲಿಗೇ ಬಂದಿದ್ದೀರಿ!

ಆ ಕ್ಷಣದಲ್ಲಿ ತಲೆಯೊಳಗೆ ಏನಾಗುತ್ತದೆ ಅಂತ ನಿಧಾನವಾಗಿ ಯೋಚಿಸಿ. ಅಲ್ಲಿಯವರೆಗೆ ನಿಮ್ಮ ಮನಸ್ಸಿನಲ್ಲಿ ದಾರಿ ಒಂದು ಉದ್ದ ಹಗ್ಗದ ಹಾಗಿತ್ತು. ಲಿಫ್ಟ್ ನಿಂತ ತಕ್ಷಣ ಅದು ಸುತ್ತಿಕೊಂಡು ಗಂಟಾಯಿತು. ಮೇಲೆ ತಲೆಯೆತ್ತಿ, ಹಾಗಾದರೆ ಆ ಚರ್ಚು ಇಷ್ಟು ಹೊತ್ತೂ ನನ್ನ ನೆತ್ತಿಯ ಮೇಲೇ ಇತ್ತಾ ಅಂತ ಹುಡುಕುತ್ತೀರಿ. ಮೂಲೆಯಲ್ಲಿ ನಕ್ಷೆ ತೋರಿಸುವ ಗೇಮಿನಲ್ಲಿ ಈ ಸಂತೋಷ ಸಿಗುವುದಿಲ್ಲ. ಅಲ್ಲಿ ಕಣ್ಣು ನಕ್ಷೆಯ ಮೇಲಿರುತ್ತದೆ, ದಾರಿಯ ಮೇಲಲ್ಲ. ದಾರಿ ಸುತ್ತಿ ಬಂದು ಸೇರುವ ಉಪಾಯ ಹೊಸದೇನಲ್ಲ. ಜೆನೆಲ್ ಜಾಕ್ವೇಸ್ 1979ರಲ್ಲೇ 'ಕ್ಯಾವರ್ನ್ಸ್ ಆಫ್ ಥ್ರೇಸಿಯಾ' ಅನ್ನುವ ಡಂಜನನ್ನು ಕಾಗದದ ಮೇಲೆ ಹೀಗೆ ಬರೆದಿದ್ದರು. ಒಳಹೋಗಲು ಹಲವು ದಾರಿ, ಅಂತಸ್ತಿನಿಂದ ಅಂತಸ್ತಿಗೆ ಹಲವು ಮೆಟ್ಟಿಲು. ಲೆವೆಲ್ ಬರೆಯುವ ಆಸೆ ಇರುವವರು ಅದರ ನಕ್ಷೆಯನ್ನು ಒಂದು ಸಲ ಮುಂದಿಟ್ಟುಕೊಂಡು ಕೂರಬೇಕು.

ಇನ್ನು ನನ್ನ ಸ್ವಂತ ಅನುಭವ. ನಾನು ಸ್ನೇಹಿತರನ್ನು ಮೇಜಿನ ಸುತ್ತ ಕೂರಿಸಿಕೊಂಡು ರೋಲ್-ಪ್ಲೇಯಿಂಗ್ ಆಟ ಆಡಿಸುತ್ತೇನೆ. ಜಾಗ ಹೇಗಿದೆ ಅಂತ ನಾನು ಹೇಳುತ್ತೇನೆ, ಏನು ಮಾಡುತ್ತೇವೆ ಅಂತ ಅವರು ಹೇಳುತ್ತಾರೆ. ಒಂದು ಸಲ ಅರ್ಧ ನೀರಲ್ಲಿ ಮುಳುಗಿದ ಗುಡಿಯೊಂದನ್ನು ಬರೆದಿದ್ದೆ. ವಾರಗಟ್ಟಲೆ ಕೂತು ಬರೆದದ್ದು. ಅದರ ಪೂಜಾರಿಗಳೆಲ್ಲ ಕುರುಡರು. ಅವರು ಓಡಾಡಲು ಅಂತ ಗೋಡೆಯುದ್ದಕ್ಕೂ ಕೈಯೆತ್ತರದಲ್ಲಿ ಒಂದು ಗೆರೆ ಕೊರೆದಿದೆ. ಗೆರೆ ನುಣುಪಾಗಿದ್ದರೆ ದಾರಿ ಸರಿ, ಒರಟಾದರೆ ಮುಂದೆ ಹಳ್ಳ. ನನಗೆ ಅದು ಬಹಳ ಇಷ್ಟವಾದ ವಿಷಯ.

ಮೊದಲ ಗುಂಪು ಬಂತು. ಅವರಲ್ಲೊಬ್ಬಳ ಹತ್ತಿರ ಬೆಳಕಿನ ಮಂತ್ರ ಇತ್ತು. ಗೋಡೆಯಲ್ಲಿ ಒಂದು ಗೆರೆ ಇದೆ ಅಂತ ಹೇಳಿದೆ. "ಸರಿ, ಬಾಗಿಲು ಎಲ್ಲಿದೆ?" ಅಂದರು. ಮುಂದಿನ ಕೋಣೆಯಲ್ಲೂ ಹೇಳಿದೆ. "ಆಯ್ತು, ಶತ್ರುಗಳಿದ್ದಾರಾ?" ಮೂರು ಗಂಟೆಯಲ್ಲಿ ಗುಡಿ ಖಾಲಿಯಾಯಿತು. ಆ ಗೆರೆ ಯಾಕಿತ್ತು ಅಂತ ಒಬ್ಬರೂ ಕೇಳಲಿಲ್ಲ. ತಪ್ಪು ಅವರದಲ್ಲ. ಬೆಳಕಿದ್ದವರಿಗೆ ಆ ಗೆರೆಯಿಂದ ಆಗಬೇಕಾದ್ದು ಏನೂ ಇರಲಿಲ್ಲ.

ಕೆಲವು ತಿಂಗಳಾದ ಮೇಲೆ ಅದೇ ಗುಡಿಯನ್ನು ಬೇರೆ ಗುಂಪಿಗೆ ಆಡಿಸಿದೆ. ಕೋಣೆಗಳು ಅವೇ, ಶತ್ರುಗಳೂ ಅವರೇ. ಒಂದು ಮಾತ್ರ ಬದಲಾಯಿಸಿದೆ. ಬಾಗಿಲು ದಾಟಿದ ಕೂಡಲೇ ಯಾವ ಬೆಳಕೂ ನಿಲ್ಲದು. ದೀವಟಿಗೆ ಆರಿತು, ಮಂತ್ರ ಹಿಡಿಯಲಿಲ್ಲ. ಮೇಜಿನ ಸುತ್ತ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಕೇಳಿದ, "ಗೋಡೆ ಮುಟ್ಟಿದರೆ ಹೇಗಿದೆ?" ತಣ್ಣಗಿದೆ, ಕೈಯೆತ್ತರದಲ್ಲಿ ಒಂದು ಗೆರೆ ಇದೆ, ನುಣುಪಾಗಿದೆ ಅಂದೆ. ಅವರು ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಗೆರೆ ಹಿಡಿದು ಹೊರಟರು. ಗೆರೆ ಒರಟಾದ ಕಡೆ ಮುಂದಿದ್ದವನು ನಿಂತ. ಕಾಲು ಚಾಚಿ ನೋಡಿದ, ಮುಂದೆ ನೆಲ ಇಲ್ಲ. ಆಗ ಹಿಂದಿದ್ದವಳು ಮೆಲ್ಲಗೆ ಅಂದಳು, "ಇದು ಕಣ್ಣು ಕಾಣದವರಿಗೆ ಕಟ್ಟಿದ ಗುಡಿ."

ನಾನು ಒಂದು ಪದವೂ ವಿವರಿಸಿರಲಿಲ್ಲ. ಆ ರಾತ್ರಿ ಅವರು ಅರ್ಧ ಗುಡಿ ಮಾತ್ರ ನೋಡಿದರು, ಮಾಡಿದ್ದು ಒಂದೇ ಒಂದು ಹೊಡೆದಾಟ. ಇವತ್ತಿಗೂ ಸಿಕ್ಕಾಗಲೆಲ್ಲ ಆ ಗುಡಿಯ ಮಾತು ತೆಗೆಯುತ್ತಾರೆ.

ಹಾಗಂತ ಏನನ್ನಾದರೂ ಕಿತ್ತುಕೊಂಡರೆ ಸಾಕು, ಲೆವೆಲ್ ತಾನಾಗಿ ಗೆಲ್ಲುತ್ತದೆ ಅಂತಲ್ಲ. 2009ರ 'ಡ್ರ್ಯಾಗನ್ ಏಜ್: ಒರಿಜಿನ್ಸ್'ನಲ್ಲಿ ಮಾಂತ್ರಿಕರ ಗೋಪುರ ಹತ್ತುವಾಗ ಒಂದು ಪಿಶಾಚಿ ನಿಮ್ಮನ್ನು ನಿದ್ದೆಗೆ ಕೆಡವುತ್ತದೆ. ಫೇಡ್ ಅನ್ನುವ ಕನಸಿನ ಲೋಕಕ್ಕೆ ಹೋಗುತ್ತೀರಿ. ಜೊತೆಗಾರರೆಲ್ಲ ಮಾಯ, ನೀವು ಒಬ್ಬರೇ. ಇಲಿ, ಉರಿಯುವ ಮನುಷ್ಯ, ಕಲ್ಲಿನ ದೈತ್ಯ ಹೀಗೆ ರೂಪ ಬದಲಿಸಿಕೊಂಡು ಮುಂದೆ ಹೋಗಬೇಕು. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಆ ಭಾಗವನ್ನು ಹಾರಿಸಿ ಮುಂದೆ ಹೋಗಲು ಅಂತಲೇ ಆಟಗಾರರು ಒಂದು ಮಾಡ್, ಅಂದರೆ ಗೇಮನ್ನು ಬದಲಿಸುವ ಒಂದು ಸಣ್ಣ ಪ್ರೋಗ್ರಾಂ, ಮಾಡಿಕೊಂಡರು, ಅದು ತುಂಬಾ ಹರಡಿತು. ಅಲ್ಲಿ ಶಾಶ್ವತವಾಗಿ ಬಲ ಹೆಚ್ಚಿಸುವ ಉಡುಗೊರೆಗಳು ಬೇಕಾದಷ್ಟಿವೆ. ಆದರೂ ಜನ ಹಾರಿಸಿದರು.

ಯಾಕೆ? ಆ ಗೇಮಿನಲ್ಲಿ ಜನಕ್ಕೆ ಪ್ರೀತಿ ಇದ್ದದ್ದು ಜೊತೆಗಾರರ ಮೇಲೆ, ಅವರ ಮಾತಿನ ಮೇಲೆ. ಅವರನ್ನೇ ತೆಗೆದುಕೊಂಡ ಮೇಲೆ ಆ ಜಾಗ ಅಷ್ಟೇ ತೂಕದ್ದು ಏನಾದರೂ ತೋರಿಸಬೇಕಿತ್ತು. ತೋರಿಸಿದ್ದು ಇಲಿಗೊಂದು ಬಿಲ, ಉರಿಯುವವನಿಗೊಂದು ಬೆಂಕಿ, ದೈತ್ಯನಿಗೊಂದು ಗಟ್ಟಿ ಬಾಗಿಲು. ಬೀಗಕ್ಕೆ ಬೀಗದಕೈ ಹೊಂದಿಸುವ ಕೆಲಸ, ಅದೂ ಗಂಟೆಗಟ್ಟಲೆ. ಅದರ ಕೊನೆಯಲ್ಲಿ ಒಂದು ಭಾಗ ಇದೆ. ಜೊತೆಗಾರರು ಒಬ್ಬೊಬ್ಬರೂ ತಮ್ಮ ತಮ್ಮ ಕನಸಿನಲ್ಲಿ ಸಿಕ್ಕಿಬಿದ್ದಿರುತ್ತಾರೆ. ಅಲಿಸ್ಟರ್ ತಾನು ಎಂದೂ ಜೊತೆಯಲ್ಲಿ ಬಾಳದ ಅಕ್ಕನ ಮನೆಯಲ್ಲಿ ನೆಮ್ಮದಿಯಾಗಿ ಇರುತ್ತಾನೆ, ಎದ್ದು ಬರಲು ಅವನಿಗೆ ಮನಸ್ಸಿಲ್ಲ. ಅವನನ್ನು ಆ ಸುಖದಿಂದ ನೀವೇ ಎಬ್ಬಿಸಬೇಕು. ಕೆಲವೇ ನಿಮಿಷದ ಆ ಭಾಗ ನನ್ನ ಪಾಲಿಗೆ ಇಡೀ ಗೋಪುರಕ್ಕಿಂತ ದೊಡ್ಡದು. ಫೇಡ್ ಪೂರ್ತಿ ಅದೇ ಆಗಿದ್ದರೆ ಯಾರೂ ಆ ಮಾಡ್ ಮಾಡುತ್ತಿರಲಿಲ್ಲ.

ಇಂಥ ಮಾತು ಆಡಿದಾಗಲೆಲ್ಲ ಒಂದು ಪ್ರಶ್ನೆ ಬರುತ್ತದೆ. ರೋಲ್-ಪ್ಲೇಯಿಂಗ್ ಅಂದರೆ ಸ್ವಾತಂತ್ರ್ಯ, ನೀವು ಕಿತ್ತುಕೊಳ್ಳುವ ಮಾತಾಡುತ್ತಿದ್ದೀರಲ್ಲ ಅಂತ. 2023ರ 'ಬಾಲ್ಡರ್ಸ್ ಗೇಟ್ 3'ರಲ್ಲಿ ಗಾಬ್ಲಿನ್ ಅನ್ನುವ ಪುಟ್ಟ ರಾಕ್ಷಸರ ಶಿಬಿರ ನೆನಪು ಮಾಡಿಕೊಳ್ಳಿ. ನೀವು ನಾಲ್ಕು ಜನ, ಅವರು ಹಿಂಡುಗಟ್ಟಲೆ. ನೇರ ನುಗ್ಗಿದರೆ ಯಾರೋ ಡೋಲು ಬಡಿಯುತ್ತಾರೆ, ಶಿಬಿರವೆಲ್ಲ ಮೇಲೆ ಬೀಳುತ್ತದೆ. ಇಲ್ಲಿ ಕಳೆದುಕೊಂಡಿರುವುದು ನೇರ ದಾರಿಯ ಭರವಸೆಯನ್ನು. ಆಗ ಅಂಗಳದಲ್ಲಿರುವ ಹೆಂಡದ ತೊಟ್ಟಿ ಕಣ್ಣಿಗೆ ಬೀಳುತ್ತದೆ, ಅದಕ್ಕೆ ವಿಷ ಬೆರೆಸಬಹುದು. ಡೋಲು ಎಲ್ಲೆಲ್ಲಿವೆ ಅಂತ ನೋಡಿ ಮೊದಲೇ ಒಡೆಯಬಹುದು. ಒಳಗಿನ ಮೂವರು ನಾಯಕರನ್ನು ಒಬ್ಬೊಬ್ಬರಾಗಿ ಬೇರೆ ಕಡೆ ಸಿಕ್ಕಿಸಬಹುದು. ಬಲ ಸಾಕಾಗಿದ್ದರೆ ಈ ಯಾವುದನ್ನೂ ನೀವು ಗಮನಿಸುತ್ತಲೇ ಇರಲಿಲ್ಲ.

ಕೊನೆಯದಾಗಿ ಇನ್ನೊಂದು ಲಿಫ್ಟ್. 'ಎಲ್ಡೆನ್ ರಿಂಗ್', 2022. ಮಂಜು ಮುಸುಕಿದ ಕಾಡಿನ ಮಧ್ಯೆ ಒಂದು ಕಲ್ಲಿನ ಕಟ್ಟಡ, ಒಳಗೆ ಲಿಫ್ಟ್. ಅದರ ಹೆಸರು ಸಿಯೋಫ್ರಾ ನದಿಯ ಬಾವಿ. ಅಷ್ಟು ಹೊತ್ತಿಗೆ ನೀವು ಬಯಲಲ್ಲಿ ಕುದುರೆ ಓಡಿಸಿ ಓಡಿಸಿ ಆ ಲೋಕ ಎಷ್ಟು ದೊಡ್ಡದು ಅಂತ ಒಂದು ಅಂದಾಜು ಮಾಡಿಕೊಂಡಿರುತ್ತೀರಿ. ನಡುವಿನ ಕಲ್ಲು ತುಳಿಯುತ್ತೀರಿ, ಲಿಫ್ಟ್ ಇಳಿಯುತ್ತದೆ. ಮಾಡಲು ಏನೂ ಕೆಲಸ ಇಲ್ಲ. ಕುದುರೆ ಇಲ್ಲ, ಆಕಾಶ ಇಲ್ಲ, ಶತ್ರು ಇಲ್ಲ, ಗೋಡೆ ಮಾತ್ರ ಮೇಲೆ ಸರಿಯುತ್ತಿರುತ್ತದೆ. ಇಷ್ಟು ಆಳ ಇರಲಿಕ್ಕಿಲ್ಲ, ಈಗ ನಿಲ್ಲುತ್ತದೆ ಅಂದುಕೊಳ್ಳುತ್ತೀರಿ. ನಿಲ್ಲುವುದಿಲ್ಲ. ಕೊನೆಗೆ ನಿಂತಾಗ ಹೊರಗೆ ನಡೆದು ಬರುತ್ತೀರಿ. ಎದುರಿಗೆ ಪಾಳುಬಿದ್ದ ಕಂಬಗಳು, ಕೆಳಗೆ ಹರಿಯುವ ನದಿ. ತಲೆಯೆತ್ತಿದರೆ, ನೆಲದ ಅಷ್ಟು ಅಡಿಯಲ್ಲಿ, ಮೇಲೆಲ್ಲ ನಕ್ಷತ್ರ.